ತನ್ನ ಬೀಗಕ್ಕೆ ತಾನೇ ಕಾಯುವ ಕರ್ನಲ್

ಫೈಲ್ ಸೇವ್ ಆಯ್ತು ಎಂದು ಕಂಪ್ಯೂಟರ್ ಹೇಳುವ ಹೊತ್ತಿಗೆ ಅದಿನ್ನೂ ಡಿಸ್ಕ್ ಮುಟ್ಟಿರುವುದಿಲ್ಲ, ಬಹುಪಾಲು ಸಲ. ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಅದನ್ನು ಮೆಮೊರಿಯಲ್ಲಿರುವ ತನ್ನ ಕ್ಯಾಶ್‌ಗೆ, ಅಂದರೆ ತಾತ್ಕಾಲಿಕ ದಾಸ್ತಾನಿಗೆ, ನಕಲು ಮಾಡಿಕೊಂಡಿರುತ್ತದೆ, ಅಷ್ಟೆ. ಲಿನಕ್ಸ್‌ನಲ್ಲಿ ಈ ಕ್ಯಾಶ್ ಸಾಮಾನ್ಯವಾಗಿ 4096 ಬೈಟ್‌ಗಳ ಪುಟಗಳದ್ದು. ಒಬ್ಬರು ಬರೆಯುವಾಗ ಇನ್ನೊಬ್ಬರು ಕೈಹಾಕದಂತೆ ಪ್ರತಿ ಪುಟಕ್ಕೂ ಒಂದು ಲಾಕ್.

ಅಲ್ಲಿಂದೆತ್ತಿ ಇಲ್ಲಿಡುವುದರಲ್ಲಿ ಏನು ಮಹಾ ಕಷ್ಟ ಎಂದು ಬಹಳ ಕಾಲ ಅಂದುಕೊಂಡಿದ್ದೆ. ಈ ಪ್ರಸಂಗ ಓದುವವರೆಗೆ.

ಒಂದು ಪ್ರೋಗ್ರಾಮ್ ಫೈಲೊಂದನ್ನು ಎಂಮ್ಯಾಪ್ ಎಂಬ ಸೌಲಭ್ಯದ ಮೂಲಕ ತನ್ನ ಮೆಮೊರಿಗೇ ಜೋಡಿಸಿಕೊಂಡಿದೆ. ಪುಟ ಇನ್ನೂ ಡಿಸ್ಕ್‌ನಿಂದ ಬಂದಿಲ್ಲ. ಈಗ ಅದು, ಆ ಮೆಮೊರಿಯಲ್ಲಿರುವುದನ್ನು ಅದೇ ಫೈಲಿನ ಅದೇ ಜಾಗಕ್ಕೆ ಬರೆ ಎನ್ನುತ್ತದೆ. ಹುಚ್ಚು ಬೇಡಿಕೆಯೇ, ಆದರೆ ಕೇಳಬಾರದೆಂಬ ನಿಯಮವಿಲ್ಲ. ಕರ್ನಲ್ ಬರೆಯಬೇಕಾದ ಪುಟವನ್ನು ಲಾಕ್ ಮಾಡಿ ಮೂಲದ ಬೈಟ್‌ಗಳನ್ನು ಓದಲು ಹೋಗುತ್ತದೆ. ಅಲ್ಲಿ ಪುಟವಿಲ್ಲ, ಪೇಜ್ ಫಾಲ್ಟ್: ಪುಟ ಬರುವವರೆಗೆ ಕೆಲಸ ನಿಲ್ಲಬೇಕು. ಪುಟ ತರಿಸಬೇಕೆಂದರೆ ಅದರ ಲಾಕ್ ಬೇಕು. ಲಾಕ್ ಹಿಡಿದು ಕೂತಿರುವುದು ತಾನೇ. ಡೆಡ್‌ಲಾಕ್, ಅಂದರೆ ಕಾಯುತ್ತಲೇ ಸಿಕ್ಕಿಬೀಳುವ ಬಿಕ್ಕಟ್ಟು, ಇಬ್ಬರ ಜಗಳವೇ ಆಗಬೇಕಿಲ್ಲ.

ಬಹಳ ವರ್ಷ ನಡೆದುಬಂದ ಪರಿಹಾರ ಸ್ವಲ್ಪ ತಮಾಷೆಯದು. ಲಾಕ್ ಹಿಡಿಯುವ ಮುಂಚೆಯೇ ಕರ್ನಲ್ ಮೂಲದ ಪುಟವನ್ನು ಒಮ್ಮೆ ಸುಮ್ಮನೆ ಮುಟ್ಟುತ್ತಿತ್ತು. ಫಾಲ್ಟ್ ಆಗುವುದಿದ್ದರೆ ಆಗಲೇ ಆಗಿಹೋಗಲಿ ಅಂತ. ಆಮೇಲೆ ಲಾಕ್ ಹಿಡಿದು, ಫಾಲ್ಟ್ ನಿಭಾಯಿಸುವುದನ್ನೇ ನಿಲ್ಲಿಸಿ ನಕಲು ಮಾಡುತ್ತಿತ್ತು. ಆ ನಡುವೆಯೇ ಮೆಮೊರಿ ಸಾಲದೆ ಪುಟ ಮತ್ತೆ ಹೊರಬಿದ್ದಿದ್ದರೆ? ನಕಲು ಅರ್ಧಕ್ಕೇ ನಿಲ್ಲುತ್ತಿತ್ತು. ಲಾಕ್ ಬಿಟ್ಟು, ಪುಟ ಮುಟ್ಟುವುದರಿಂದ ಮತ್ತೆ ಶುರು.

ಹೀಗೆ ನಿಂತುಬಿಡುವ ತಪ್ಪು ಕಣ್ಣಿಗಾದರೂ ಬೀಳುತ್ತದೆ. 2023ರ ನವೆಂಬರ್‌ನಲ್ಲಿ ಓಪನ್‌ಝಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್‌ನ ಬಳಕೆದಾರರಿಗೆ ಸಿಕ್ಕಿದ್ದು ಸದ್ದಿಲ್ಲದ ಬಗೆ: ಕೆಲವು ನಕಲು ಫೈಲುಗಳಲ್ಲಿ ಡೇಟಾ ಇರಬೇಕಾದ ಕಡೆ ಬರೀ ಸೊನ್ನೆ. ಅನುಮಾನ ಹೋದದ್ದು ಅದರ 2.2 ಆವೃತ್ತಿಯಲ್ಲಿ ಆಗಷ್ಟೇ ಬಂದಿದ್ದ ಬ್ಲಾಕ್ ಕ್ಲೋನಿಂಗ್ ಮೇಲೆ, ಅಂದರೆ ಡೇಟಾ ನಕಲಿಸದೆ ಇದ್ದ ಬ್ಲಾಕ್‌ಗಳನ್ನೇ ಹಂಚಿಕೊಳ್ಳುವ ಸೌಲಭ್ಯದ ಮೇಲೆ. 2.2.1ರಲ್ಲಿ ಅದನ್ನು ಆಫ್ ಮಾಡಿದರು. ನಿಜವಾದ ಕಳ್ಳ ಎಷ್ಟೋ ವರ್ಷಗಳಿಂದ ಒಳಗೇ ಇದ್ದ. ಫೈಲ್ ನಕಲು ಮಾಡುವ ಸಿಪಿ ಆಜ್ಞೆಯ ಹೊಸ ಆವೃತ್ತಿಗಳು ಫೈಲಿನಲ್ಲಿ ಖಾಲಿ ಜಾಗ ಎಲ್ಲೆಲ್ಲಿದೆ ಎಂದು ಮೊದಲು ಕೇಳುತ್ತವೆ, ಅದನ್ನು ಓದುವ ಶ್ರಮ ಉಳಿಯಲೆಂದು. ಆಗಷ್ಟೇ ಬರೆದ ಡೇಟಾ ಡಿಸ್ಕ್‌ನ ದಾರಿಯಲ್ಲಿದ್ದ ಒಂದು ಸಣ್ಣ ಗಳಿಗೆಯಲ್ಲಿ, ಬರೆಯುವುದು ಇನ್ನೂ ಬಾಕಿಯಿದೆಯೇ ಎಂದು ನೋಡುವ ಓಪನ್‌ಝಡ್‌ಎಫ್‌ಎಸ್‌ನ ಪರೀಕ್ಷೆ ‘ಇಲ್ಲ’ ಎಂದುಬಿಡುತ್ತಿತ್ತು. ಡೇಟಾ ಇದ್ದ ಜಾಗ ಖಾಲಿ ಎಂದಾಯಿತು, ಸಿಪಿ ನಂಬಿತು. ಮೂಲ ಫೈಲಿಗೆ ಮಾತ್ರ ಏನೂ ಆಗಿರಲಿಲ್ಲ. 2.2.2ರಲ್ಲಿ ಬಂದ ತಿದ್ದುಪಡಿ ಕೆಲವೇ ಸಾಲುಗಳದ್ದು.