ಕೊಲರಾಡೊದಲ್ಲಿ ಜಮೀನು ಕೊಂಡರೆ ನೀರೂ ಬರುತ್ತಾ?

ಡೆನ್ವರ್ ಸುತ್ತಮುತ್ತ ಕೆಲಸದಲ್ಲಿರುವ ನಮ್ಮವರು ಬೆಟ್ಟದ ಕಡೆ ಐದಾರು ಎಕರೆ ನೋಡಿಕೊಂಡು ಬಂದಾಗ ನನ್ನನ್ನು ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆ: "ಪಕ್ಕದಲ್ಲೇ ತೊರೆ ಹರಿಯುತ್ತೆ ಸರ್, ನೀರಿಗೆ ತೊಂದರೆ ಇಲ್ಲ ಅಲ್ವಾ?" ತೊಂದರೆ ಇದೆ. ಆ ತೊರೆಯಿಂದ ನೀರು ಎತ್ತುವ ಹಕ್ಕು ನೂರು ವರ್ಷದ ಹಿಂದೆಯೇ ಬೇರೆ ಯಾರದ್ದೋ ಆಗಿರುವ ಸಾಧ್ಯತೆ ಜಾಸ್ತಿ.

ಮೊದಲು ನೆಲ ನೋಡಿ. ಅಮೆರಿಕದ ರಾಜ್ಯಗಳಲ್ಲಿ ಸರಾಸರಿ ಎತ್ತರದ ಲೆಕ್ಕ ಹಿಡಿದರೆ ಕೊಲರಾಡೊ ಎಲ್ಲಕ್ಕಿಂತ ಮೇಲೆ, 2,000 ಮೀಟರಿಗೂ ಹೆಚ್ಚು. ಇಲ್ಲಿನ ಅತಿ ತಗ್ಗಿನ ಜಾಗವೇ 1,000 ಮೀಟರ್ ದಾಟುತ್ತದೆ. ಕೊಲರಾಡೊ, ರಿಯೊ ಗ್ರಾಂಡ್, ಅರ್ಕಾನ್ಸಾ, ಸೌತ್ ಪ್ಲಾಟ್ ನದಿಗಳು ಇಲ್ಲೇ ಹುಟ್ಟಿ ಹೊರಗೆ ಹರಿಯುತ್ತವೆ. ಗ್ರೀನ್ ನದಿ ವಾಯವ್ಯ ಮೂಲೆಯಲ್ಲಿ ಸ್ವಲ್ಪ ದೂರ ಒಳಗೆ ಬಂದು ಹಾಗೇ ಹೊರಟುಹೋಗುತ್ತದೆ. ಅದು ಬಿಟ್ಟರೆ ಬೇರೆ ಕಡೆಯಿಂದ ಒಳಗೆ ಬರುವ ದೊಡ್ಡ ನದಿಯೇ ಇಲ್ಲ.

ಹಾಗಾಗಿ ಈ ರಾಜ್ಯದ ಮುಖ್ಯ ಅಣೆಕಟ್ಟು ಅಂದರೆ ಬೆಟ್ಟದ ಮೇಲಿನ ಹಿಮ. ಎಷ್ಟು ಅಡಿ ಬಿತ್ತು ಅನ್ನುವುದು ಸ್ಕೀ ಮಾಡುವವರ ಲೆಕ್ಕ. ಅದು ಕರಗಿದರೆ ಎಷ್ಟು ಇಂಚು ನೀರು ಅನ್ನುವುದು ನಮ್ಮ ಲೆಕ್ಕ. ಬೆಟ್ಟಗಳಲ್ಲಿರುವ ಸ್ನೋಟೆಲ್ ಕೇಂದ್ರಗಳು ಹಿಮವನ್ನು ತೂಕ ಮಾಡಿ ಇದನ್ನೇ ಹೇಳುತ್ತವೆ. ಯೂಟಾ, ಅರಿಜೋನಾ ಕಡೆಯ ಮರುಭೂಮಿಯಿಂದ ಕೆಂಪು ಧೂಳು ಹಾರಿ ಬಂದು ಹಿಮದ ಮೇಲೆ ಕೂತರೆ ಅದು ಬಿಸಿಲನ್ನು ಹೆಚ್ಚು ಹೀರಿ ವಾರಗಟ್ಟಲೆ ಮೊದಲೇ ಕರಗಿಬಿಡುತ್ತದೆ. ಆಗ ಬೇಸಿಗೆಯ ಕೊನೆಗೆ ಹೊಳೆ ಸೊರಗುತ್ತದೆ.

ತೊಡಕು ಇರುವುದು ನೀರು ಎಲ್ಲಿ, ಜನ ಎಲ್ಲಿ ಅನ್ನುವುದರಲ್ಲಿ. ರಾಜ್ಯದ ನೀರಿನಲ್ಲಿ ಸುಮಾರು ಶೇ. 80ರಷ್ಟು ರಾಕಿ ಬೆಟ್ಟಸಾಲಿನ ಪಶ್ಚಿಮಕ್ಕೆ ಬೀಳುತ್ತದೆ. ಹತ್ತರಲ್ಲಿ ಎಂಟಕ್ಕೂ ಜಾಸ್ತಿ ಜನ ಪೂರ್ವದಲ್ಲಿದ್ದಾರೆ. ಅದಕ್ಕೇ ಬೆಟ್ಟ ಕೊರೆದರು. ಆಡಮ್ಸ್ ಸುರಂಗ ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನದ ಅಡಿಯಲ್ಲಿ ಸುಮಾರು 21 ಕಿ.ಮೀ. ಸಾಗುತ್ತದೆ. 1947ರಲ್ಲಿ ಅದರಲ್ಲಿ ನೀರು ಹರಿಯಿತು. ಡೆನ್ವರ್‌ಗಾಗಿ ಕೊರೆದ ರಾಬರ್ಟ್ಸ್ ಸುರಂಗ ಇನ್ನೂ ಉದ್ದ, ಸುಮಾರು 37 ಕಿ.ಮೀ.

ಈಗ ಹಕ್ಕಿನ ವಿಷಯ. 1859ರ ಚಿನ್ನದ ಗದ್ದಲದಲ್ಲಿ ಬಂದವರಿಗೆ ಅದಿರು ತೊಳೆಯಲು ಹೊಳೆಯಿಂದ ದೂರಕ್ಕೆ ನೀರು ಬೇಕಿತ್ತು. ಮೊದಲು ಕಾಲುವೆ ತೋಡಿದವನಿಗೆ ಮೊದಲ ಹಕ್ಕು ಅಂತ ಗಣಿ ಶಿಬಿರಗಳಲ್ಲೇ ತೀರ್ಮಾನವಾಯಿತು. 1876ರಲ್ಲಿ ರಾಜ್ಯವಾದಾಗ ಅದೇ ಸಂವಿಧಾನಕ್ಕೆ ಸೇರಿತು. ಹೊಳೆ ದಂಡೆಯ ಜಮೀನಿಗೆ ವಿಶೇಷ ಹಕ್ಕಿಲ್ಲ, ಒಂದು ಹೊಳೆಯ ನೀರನ್ನು ಇನ್ನೊಂದರ ಕಣಿವೆಗೂ ಒಯ್ಯಬಹುದು ಅಂತ 1882ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತು. ಇಂದಿಗೂ ಪ್ರತಿ ಹಕ್ಕಿಗೂ ಒಂದು ತಾರೀಖು ಇರುತ್ತದೆ. ಬರ ಬಂದರೆ 1866ರ ಹಕ್ಕಿಗೆ ಪೂರ್ತಿ ನೀರು, 1890ರದಕ್ಕೆ ಸೊನ್ನೆ. ಕಾವೇರಿಯ ಸಂಕಷ್ಟ ಸೂತ್ರದ ಮಾತು ಕೇಳಿ ಬೆಳೆದ ನಮಗೆ ಇದು ಕ್ರೂರ ಅನ್ನಿಸುತ್ತದೆ. ಆದರೆ ಯಾರಿಗೆ ಎಷ್ಟು ಅನ್ನುವ ಗೊಂದಲ ಮಾತ್ರ ಇಲ್ಲ. ರಾಜ್ಯದ ಅತಿ ಹಳೆಯ ಹಕ್ಕು ಸ್ಯಾನ್ ಲೂಯಿಸ್ ಪೀಪಲ್ಸ್ ಡಿಚ್ ಎಂಬ ಕಾಲುವೆಯದು. ಅದರ ಇಸವಿ 1852. ಅಂದರೆ ರಾಜ್ಯಕ್ಕಿಂತ ಕಾಲುವೆಗೇ ವಯಸ್ಸು ಜಾಸ್ತಿ. ಹಾಗಂತ ಹಕ್ಕನ್ನು ಸುಮ್ನೆ ಇಟ್ಟುಕೊಳ್ಳುವಂತಿಲ್ಲ. ಹತ್ತು ವರ್ಷ ಬಳಸದಿದ್ದರೆ ಬಿಟ್ಟುಕೊಟ್ಟಂತೆ ಅಂತ ಎಣಿಸುತ್ತಾರೆ.

ಹಕ್ಕನ್ನು ಜಮೀನಿನಿಂದ ಬೇರೆ ಮಾಡಿ ಮಾರಬಹುದು. ನನಗೆ ಕಸಿವಿಸಿ ಆಗುವುದು ಇಲ್ಲೇ. ರಾಜ್ಯದ ಆಗ್ನೇಯ ಭಾಗದ ಕ್ರೌಲಿ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು) ರೈತರು ತಮ್ಮ ನೀರಿನ ಹಕ್ಕನ್ನು ನಗರಗಳಿಗೆ ಮಾರಿದರು. ಬೆಲೆ ಬಂತು, ಒಪ್ಪೋಣ. ಆದರೆ ನೀರು ಹೋದ ಹೊಲಗಳಲ್ಲಿ ಕಳೆ ಬೆಳೆದು ಧೂಳೆದ್ದಿತು. ಮಾರದೆ ಉಳಿದ ಅಂಗಡಿಯವರಿಗೆ, ಶಾಲೆಗೆ ಯಾರು ಪರಿಹಾರ ಕೊಟ್ಟರು? ಇವತ್ತಿಗೂ ರಾಜ್ಯದ ನೀರಿನ ಬಹುಪಾಲು ಬಳಸುವುದು ಕೃಷಿಯೇ. ಆದ್ದರಿಂದ ಬೆಳೆಯುವ ನಗರಗಳ ಕಣ್ಣು ಯಾವಾಗಲೂ ಹೊಲದ ಮೇಲೆ.

ಗಣಿಗಳೂ ನೀರಿನಲ್ಲೇ ಸಾಲ ಬಿಟ್ಟುಹೋಗಿವೆ. ಲೆಡ್‌ವಿಲ್‌ನ ಬೆಳ್ಳಿಗೆ 1893ರಲ್ಲಿ ಬೆಲೆ ಕುಸಿಯಿತು. ಅದರ ಹತ್ತಿರದ ಕ್ಲೈಮ್ಯಾಕ್ಸ್ ಗಣಿಯಲ್ಲಿ ಉಕ್ಕನ್ನು ಗಟ್ಟಿಮಾಡುವ ಮಾಲಿಬ್ಡಿನಮ್ ತೆಗೆಯುತ್ತಾರೆ. ಆದರೆ ಮುಚ್ಚಿದ ಗಣಿಗಳೊಳಗೆ ಆಮ್ಲ, ಲೋಹ ಬೆರೆತ ನೀರು ತುಂಬಿಕೊಂಡಿದೆ. 2015ರ ಆಗಸ್ಟ್‌ನಲ್ಲಿ ಗೋಲ್ಡ್ ಕಿಂಗ್ ಗಣಿಯಿಂದ ಅಂಥ 30 ಲಕ್ಷ ಗ್ಯಾಲನ್ ನೀರು ನುಗ್ಗಿ ಅನಿಮಸ್ ನದಿ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು.

ಬೆಂಗಳೂರಿನಲ್ಲಿ ಮಳೆನೀರು ಕೊಯ್ಲು 2009ರಿಂದ ಕಡ್ಡಾಯ. ಇಲ್ಲಿ 2016ರವರೆಗೆ ಸೂರಿನ ನೀರಿಗೆ ಪೀಪಾಯಿ ಇಡುವುದೇ ಬಹುತೇಕರಿಗೆ ಕಾನೂನುಬಾಹಿರವಾಗಿತ್ತು. ಆ ಮಳೆಯೂ ಕೆಳಗಿನ ಹಕ್ಕುದಾರನದು ಅನ್ನುವ ವಾದ! ಈಗ ಮನೆಗೆ ಎರಡು ಪೀಪಾಯಿ, ಒಟ್ಟು 110 ಗ್ಯಾಲನ್.

ಜಮೀನು ಕೊಳ್ಳುವವರು ಬಾವಿ ಪರ್ಮಿಟ್ ಕೈಯಲ್ಲಿ ಹಿಡಿದು ಓದಿ. 35 ಎಕರೆಗಿಂತ ಚಿಕ್ಕ ಜಾಗಕ್ಕೆ ಅನೇಕ ಸಲ ಮನೆಯೊಳಗಿನ ಬಳಕೆಗೆ ಮಾತ್ರ ಪರ್ಮಿಟ್ ಸಿಗುತ್ತದೆ. ಆಗ ಟೊಮೆಟೊ ಗಿಡಕ್ಕೂ ಆ ನೀರು ಹಾಕುವಂತಿಲ್ಲ. ಮಾರುವವರು ಕಾಲುವೆ ಕಂಪನಿಯ ಷೇರು (ಅಂದರೆ ಕಾಲುವೆಯ ನೀರಿನಲ್ಲಿ ಒಂದು ಪಾಲು) ಸೇರಿದೆ ಅಂದರೆ ಷೇರುಪತ್ರ ನೋಡಿ, ಕಂಪನಿಗೇ ಫೋನ್ ಮಾಡಿ ಯಾರ ಹೆಸರಿನಲ್ಲಿದೆ ಅಂತ ಕೇಳಿ. ಹಕ್ಕಿನ ಇಸವಿ ಯಾವುದು, ಹಿಂದಿನ ಬರಗಾಲದಲ್ಲಿ ನೀರು ಯಾವ ತಿಂಗಳಿಗೆ ನಿಂತಿತು ಅನ್ನುವುದನ್ನು ಆ ಭಾಗದ ವಾಟರ್ ಕಮಿಷನರ್, ಅಂದರೆ ಹಕ್ಕಿನ ಪ್ರಕಾರ ನೀರು ಹಂಚುವ ಸರ್ಕಾರಿ ಅಧಿಕಾರಿ, ಅವರ ಹತ್ತಿರ ವಿಚಾರಿಸಿ. ಅಡ್ವಾನ್ಸ್ ಕೊಡುವ ಮೊದಲೇ.