22, 80, 443: ಫೈರ್‌ವಾಲ್ ನಿಯಮಗಳ ಹಿಂದಿನ ಕಥೆ

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಒಂದು ಸಣ್ಣ ಕಚೇರಿಯ ಫೈರ್‌ವಾಲ್, ಅಂದರೆ ಜಾಲದೊಳಗೆ ಏನನ್ನು ಬಿಡಬೇಕು, ಏನನ್ನು ತಡೆಯಬೇಕು ಎಂದು ನೋಡುವ ಕಾವಲು ವ್ಯವಸ್ಥೆಯ ನಿಯಮಗಳನ್ನು ಸಾಲುಸಾಲಾಗಿ ಓದಿ ಪರಿಶೀಲಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಒಟ್ಟು 140ಕ್ಕೂ ಹೆಚ್ಚು ಸಾಲುಗಳು. ಅವುಗಳಲ್ಲಿ 31ನೆಯದು, ಜಗತ್ತಿನ ಯಾವ ವಿಳಾಸದಿಂದ ಬಂದರೂ ಪೋರ್ಟ್ 3389ಕ್ಕೆ ದಾರಿ ಬಿಡು ಎನ್ನುತ್ತಿತ್ತು. ಪಕ್ಕದಲ್ಲಿ ಒಂದೇ ಪದದ ಟಿಪ್ಪಣಿ: ‘ತಾತ್ಕಾಲಿಕ’. ಅದನ್ನು ಯಾರು ಬರೆದರು, ಯಾವಾಗ ಬರೆದರು, ಯಾತಕ್ಕಾಗಿ ಬರೆದರು ಎಂಬುದು ಆ ಕಚೇರಿಯಲ್ಲಿ ಯಾರಿಗೂ ನೆನಪಿರಲಿಲ್ಲ. ತೆಗೆದುಹಾಕಿದರೆ ಯಾವ ಕೆಲಸ ನಿಂತುಹೋಗುತ್ತದೋ ಎಂಬ ಭಯಕ್ಕೆ ಯಾರೂ ಅದನ್ನು ಮುಟ್ಟಿರಲಿಲ್ಲ.

ಪೋರ್ಟ್ ಎಂದರೆ ಕಂಪ್ಯೂಟರಿನಲ್ಲಿ ಒಂದೊಂದು ಸೇವೆಗೆ ಕೊಡುವ ಸಂಖ್ಯೆ. 3389 ಎಂದರೆ ವಿಂಡೋಸ್ ಕಂಪ್ಯೂಟರನ್ನು ದೂರದಿಂದಲೇ ನಡೆಸುವ ರಿಮೋಟ್ ಡೆಸ್ಕ್‌ಟಾಪ್ ಸೇವೆಯ ಸಂಖ್ಯೆ. ಅದನ್ನು ಇಡೀ ಲೋಕಕ್ಕೆ ತೆರೆದಿಡುವುದು ಎಷ್ಟು ಅಪಾಯವೆಂದು ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತು. ಹಾಗಿದ್ದರೂ ಇಂತಹ ಸಾಲು ಒಂದಲ್ಲ ಒಂದು ಪಟ್ಟಿಯಲ್ಲಿ ಸಿಕ್ಕೇ ಸಿಗುತ್ತದೆ. ಇದನ್ನು ಬರೀ ಅಸಡ್ಡೆ ಎಂದು ಬಿಟ್ಟುಬಿಡಲು ನನಗೆ ಮನಸ್ಸು ಒಪ್ಪುವುದಿಲ್ಲ. ನಾವು ನಿಯಮ ಬರೆಯುವ ಭಾಷೆಯಲ್ಲೇ ಒಂದು ಕೊರತೆಯಿದೆ. ಬಿಡಬೇಕಾದದ್ದು ಒಂದು ಸೇವೆಯನ್ನು, ಆದರೆ ಬರೆಯುವುದು ಒಂದು ಸಂಖ್ಯೆಯನ್ನು. ಆ ಸಂಖ್ಯೆಗಳಾದರೋ ಕಾವಲಿಗೆಂದು ಹುಟ್ಟಿದವಲ್ಲ.

ಅವು ಹುಟ್ಟಿದ್ದು ಇಂಟರ್‌ನೆಟ್ಟಿನ ಪೂರ್ವಜವಾದ ಅರ್ಪಾನೆಟ್ ಕಾಲದಲ್ಲಿ. ತಾಲ್ಲೂಕು ಕಚೇರಿಯಲ್ಲಿ ಪಹಣಿಗೆ ಒಂದು ಕೌಂಟರ್, ಜಾತಿ ಪ್ರಮಾಣಪತ್ರಕ್ಕೆ ಇನ್ನೊಂದು ಇರುವ ಹಾಗೆ, ಒಂದೇ ಕಂಪ್ಯೂಟರಿನಲ್ಲಿ ಹಲವು ಸೇವೆಗಳು ನಡೆಯುವಾಗ ಬಂದವರು ಎಲ್ಲಿಗೆ ಹೋಗಬೇಕೆಂದು ಹೇಳಲು ಸಂಖ್ಯೆ ಬೇಕಾಯಿತು. 1972ರ ಮೇ ತಿಂಗಳಲ್ಲಿ ಜಾನ್ ಪೋಸ್ಟೆಲ್ ಎಂಬ ಯುವಕ, ಎಲ್ಲರೂ ಒಪ್ಪಿಕೊಳ್ಳಬಹುದಾದ ಸಂಖ್ಯೆಗಳ ಒಂದು ಪ್ರಸ್ತಾವವನ್ನು ಮುಂದಿಟ್ಟರು. ಮುಂದೆ ದಶಕಗಳ ಕಾಲ ಆ ಪಟ್ಟಿಯನ್ನು ಕಾಪಾಡಿಕೊಂಡು ಬಂದವರೂ ಅವರೇ. ಮೇಲ್‌ಗೆ 25, ಹೆಸರಿನಿಂದ ವಿಳಾಸ ಹುಡುಕುವ ಡಿಎನ್‌ಎಸ್‌ಗೆ 53, ವೆಬ್‌ಗೆ 80. ಇದೆಲ್ಲ ಪರಸ್ಪರ ಒಪ್ಪಂದ, ಅಷ್ಟೇ. 80ರ ಕೌಂಟರಿನಲ್ಲಿ ವೆಬ್ ಸರ್ವರೇ ಕುಳಿತಿರಬೇಕೆಂದು ಒತ್ತಾಯಿಸುವ ಯಂತ್ರ ಎಲ್ಲೂ ಇಲ್ಲ.

ಆ ಒಪ್ಪಂದದ ಲೋಕ ಎಷ್ಟು ಸರಳವಾಗಿತ್ತು ಎನ್ನುವುದಕ್ಕೆ 22ರ ಕಥೆಯೇ ಸಾಕ್ಷಿ. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಪಾಸ್‌ವರ್ಡ್‌ಗಳನ್ನು ಕದ್ದಾಲಿಸಿದ್ದರು. ಅಲ್ಲಿದ್ದ ತಾತು ಯುಲೋನೆನ್ ಅದಕ್ಕೆ ಉತ್ತರವಾಗಿ, ಗೂಢಲಿಪಿಯಲ್ಲಿ ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್ ಬರೆದರು. ಫೈಲ್ ಕಳಿಸುವ ಎಫ್‌ಟಿಪಿಗೆ 21, ದೂರದಿಂದ ಲಾಗಿನ್ ಆಗುವ ಟೆಲ್ನೆಟ್‌ಗೆ 23 ಇದ್ದವು. ನಡುವಿನ 22 ಖಾಲಿ ಇತ್ತು. ಆ ಜುಲೈ ತಿಂಗಳಲ್ಲಿ ಸಂಖ್ಯೆ ಹಂಚುವ ಸಂಸ್ಥೆಗೆ ಅವರು ಒಂದು ಇಮೇಲ್ ಬರೆದು ಆ ಸಂಖ್ಯೆಯನ್ನು ಕೇಳಿದರು. ಮರುದಿನವೇ ಜಾಯ್ಸ್ ರೆನಾಲ್ಡ್ಸ್ ಅವರಿಂದ 22 ನಿಮ್ಮದು ಎಂಬ ಉತ್ತರ ಬಂತು. ಇಂದು ಹೊಸ ಲಿನಕ್ಸ್ ಸರ್ವರಿನ ಫೈರ್‌ವಾಲ್‌ನಲ್ಲಿ ಬಹುತೇಕ ಎಲ್ಲರೂ ಮೊದಲು ಬರೆಯುವ ಸಾಲು ಅದೇ 22ರದ್ದು.

ಕಾವಲಿನ ಮಾತು ಗಂಭೀರವಾಗಿ ಶುರುವಾದದ್ದು 1988ರ ನವೆಂಬರ್ 2ರ ನಂತರ. ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಹರಿಯಬಿಟ್ಟ ಹುಳು (ಯಂತ್ರದಿಂದ ಯಂತ್ರಕ್ಕೆ ತಾನಾಗಿ ಹರಡುವ ತಂತ್ರಾಂಶ), ಮೇಲ್ ಕಳಿಸುವ ಸೆಂಡ್‌ಮೇಲ್, ಬಳಕೆದಾರರ ವಿವರ ಹೇಳುವ ಫಿಂಗರ್ ಮುಂತಾದ ದಿನಬಳಕೆಯ ಸೇವೆಗಳ ದೋಷಗಳನ್ನೇ ಹಿಡಿದು ಸಾವಿರಾರು ಕಂಪ್ಯೂಟರುಗಳಿಗೆ ಹಬ್ಬಿತು. ಎಲ್ಲ ಕೌಂಟರುಗಳೂ ಎಲ್ಲರಿಗೂ ತೆರೆದಿರುವುದರ ಬೆಲೆ ಏನೆಂದು ಆಗ ತಿಳಿಯಿತು. ಮರುವರ್ಷ ಡಿಇಸಿ ಕಂಪನಿಯ ಜೆಫ್ರಿ ಮೊಗಲ್, ಎರಡು ಜಾಲಗಳ ನಡುವೆ ಹಾದುಹೋಗುವ ಪ್ರತಿ ಪ್ಯಾಕೆಟ್ಟನ್ನೂ, ಅಂದರೆ ಮಾಹಿತಿಯ ಪ್ರತಿ ಸಣ್ಣ ತುಣುಕನ್ನೂ, ನಿಯಮಗಳಿಗೆ ಹೋಲಿಸಿ ಬಿಡುವ ಅಥವಾ ತಡೆಯುವ ಸ್ಕ್ರೀನ್‌ಡಿ ಎಂಬ ತಂತ್ರಾಂಶದ ಬಗ್ಗೆ ಬರೆದರು. ಬೆಲ್ ಲ್ಯಾಬ್ಸ್‌ನ ಬಿಲ್ ಚೆಸ್ವಿಕ್ 1990ರಲ್ಲಿ ತಮ್ಮ ಸಂಸ್ಥೆಯನ್ನು ಹೊರ ಜಾಲಕ್ಕೆ ಜೋಡಿಸುವ ಗೇಟ್‌ವೇ ಕುರಿತು ಬರೆಯುತ್ತಾ, ಹೊರಗೆ ಗರಿಗರಿಯಾದ ಕವಚ, ಒಳಗೆ ಮೆತ್ತನೆಯ ತಿರುಳು ಎಂಬ ಹೋಲಿಕೆ ಕೊಟ್ಟರು. ಆ ಹೋಲಿಕೆ ಇಂದಿಗೂ ಈ ಕ್ಷೇತ್ರದವರ ಬಾಯಲ್ಲಿದೆ.

ಹೀಗೆ ಕಾವಲುಗಾರ ಬಂದ. ಅವನಿಗೆ ಓದಲು ಬರುತ್ತಿದ್ದದ್ದು ಮಾತ್ರ ಪ್ಯಾಕೆಟ್ಟಿನ ಮೇಲಿನ ಲಕೋಟೆಯನ್ನಷ್ಟೇ: ಎಲ್ಲಿಂದ, ಎಲ್ಲಿಗೆ, ಯಾವ ಸಂಖ್ಯೆ. 1992ರಲ್ಲಿ ಬ್ರೆಂಟ್ ಚಾಪ್ಮನ್ ಇದರ ಕಷ್ಟಗಳನ್ನು ವಿವರವಾಗಿ ತೋರಿಸಿಕೊಟ್ಟರು. ಒಳಗಿನವರು ಹೊರಗಿನ ಸರ್ವರನ್ನು ಕೇಳಿದರೆ ಉತ್ತರ ಒಳಗೆ ಬರಬೇಕಲ್ಲ? ಆ ಉತ್ತರ ಬರುವುದು 1023ಕ್ಕಿಂತ ಮೇಲಿನ ಯಾವುದೋ ಒಂದು ಸಂಖ್ಯೆಗೆ. ಪ್ಯಾಕೆಟ್ ಸಾಗಿಸುವ ಎರಡು ಮುಖ್ಯ ವಿಧಾನಗಳು ಟಿಸಿಪಿ ಮತ್ತು ಯುಡಿಪಿ. ಟಿಸಿಪಿಯಲ್ಲಾದರೆ ಇದು ಆರಂಭವಾಗಿರುವ ಸಂಪರ್ಕದ ಮುಂದುವರಿಕೆ ಎಂದು ಹೇಳುವ ಗುರುತೊಂದಿದೆ. ಯುಡಿಪಿಯಲ್ಲಿ ಅದೂ ಇಲ್ಲ. ಹಾಗಾಗಿ ಡಿಎನ್‌ಎಸ್ ಉತ್ತರಗಳಿಗಾಗಿ, 53ರಿಂದ ಹೊರಟ ಯಾವುದನ್ನಾದರೂ ಒಳಗೆ ಬಿಡು ಎಂದು ಬರೆಯುವ ರೂಢಿ ಬೆಳೆಯಿತು. ದಾಳಿಕೋರನೂ ತನ್ನ ಪ್ಯಾಕೆಟ್ಟನ್ನು 53ರಿಂದಲೇ ಹೊರಡಿಸಬಲ್ಲ ಎಂಬುದನ್ನು ಆ ಸಾಲು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಈ ಇಕ್ಕಟ್ಟು ಬಿಗಿಯಾದದ್ದು ಎಫ್‌ಟಿಪಿಯಲ್ಲಿ. ಅದರ ಮೊದಲ ರೂಪವನ್ನು 1971ರ ಏಪ್ರಿಲ್‌ನಲ್ಲಿ ಬರೆದವರು ಅಭಯ್ ಭೂಷಣ್. ಕಾನ್ಪುರ ಐಐಟಿಯ ಮೊದಲ ತಂಡದಲ್ಲಿ ಓದಿ ಎಂಐಟಿಗೆ ಹೋಗಿದ್ದವರು. ಫೈರ್‌ವಾಲ್ ಎಂಬ ಕಲ್ಪನೆಯೇ ಇಲ್ಲದ ದಿನಗಳವು. ಪ್ರಮಾಣಿತ ರೂಪಕ್ಕೆ ಬಂದ ಎಫ್‌ಟಿಪಿ ಎರಡು ಸಂಪರ್ಕಗಳನ್ನು ಬಳಸುತ್ತದೆ. ಮಾತುಕತೆಗೆ ಒಂದು, ಫೈಲ್ ಸಾಗಿಸಲು ಇನ್ನೊಂದು. ಮಾತುಕತೆ ಸರ್ವರಿನ 21ರಲ್ಲಿ ನಡೆಯುತ್ತದೆ. ಫೈಲ್ ಬೇಕಾದಾಗ ಗ್ರಾಹಕ ಯಂತ್ರವು ‘ಪೋರ್ಟ್ 203,0,113,5,19,137’ ಎಂದು ಆರು ಸಂಖ್ಯೆಗಳನ್ನು ಹೇಳುತ್ತದೆ. ಮೊದಲ ನಾಲ್ಕು ಅದರ ಸ್ವಂತ ವಿಳಾಸ. ಉಳಿದೆರಡರಲ್ಲಿ ಮೊದಲನೆಯದನ್ನು 256ರಿಂದ ಗುಣಿಸಿ ಎರಡನೆಯದನ್ನು ಕೂಡಿಸಬೇಕು: 19ನ್ನು 256ರಿಂದ ಗುಣಿಸಿದರೆ 4864, ಅದಕ್ಕೆ 137 ಸೇರಿಸಿದರೆ 5001. ನಾನು 5001ರಲ್ಲಿ ಕಾದಿರುತ್ತೇನೆ, ನೀನೇ ಬಂದು ಕೊಡು ಎಂದು ಇದರ ಅರ್ಥ. ಆಗ ಸರ್ವರು ತನ್ನ 20ರಿಂದ ಹೊರಟು ಗ್ರಾಹಕನ ಬಾಗಿಲನ್ನು ತಟ್ಟುತ್ತದೆ.

ಲಕೋಟೆ ಮಾತ್ರ ಓದುವ ಕಾವಲುಗಾರನ ಜಾಗದಲ್ಲಿ ನಿಂತು ಇದನ್ನು ನೋಡಿ. ಹೊರಗಿನ ಯಾವುದೋ ಯಂತ್ರ ಏಕಾಏಕಿ 5001ಕ್ಕೆ ಬರುತ್ತಿದೆ. ಒಳಗಿನವರೇ ಕರೆದಿದ್ದಾರೆಂದು ಅವನಿಗೆ ತಿಳಿಯುವ ದಾರಿಯಿಲ್ಲ. ಎಫ್‌ಟಿಪಿ ನಡೆಯಲೇಬೇಕಾದರೆ, 20ರಿಂದ ಹೊರಟು 1023ರ ಮೇಲಿನ ಯಾವ ಸಂಖ್ಯೆಗೆ ಬಂದರೂ ಬಿಡು ಎಂದು ಬರೆಯಬೇಕು. ಒಂದು ಫೈಲಿಗಾಗಿ ಅರವತ್ತು ಸಾವಿರಕ್ಕೂ ಹೆಚ್ಚು ಬಾಗಿಲುಗಳನ್ನು ತೆರೆದಂತಾಯಿತು. 1994ರ ಫೆಬ್ರವರಿಯಲ್ಲಿ ಸ್ಟೀವನ್ ಬೆಲೊವಿನ್ ಇದಕ್ಕೊಂದು ಪರಿಹಾರ ಸೂಚಿಸಿದರು. ಎಫ್‌ಟಿಪಿಯಲ್ಲಿ ಮೊದಲೇ ಇದ್ದ ಪ್ಯಾಸಿವ್ ಕ್ರಮವನ್ನು ಬಳಸಿ, ಎರಡನೆಯ ಸಂಪರ್ಕವನ್ನೂ ಗ್ರಾಹಕನೇ ಆರಂಭಿಸಲಿ ಎಂಬುದು ಅವರ ಸಲಹೆ. ಗ್ರಾಹಕನ ಕಡೆಯ ತೊಂದರೆ ಅಷ್ಟಕ್ಕೆ ತೀರಿತು. ಸರ್ವರು ಇರುವ ಕಡೆ ಮಾತ್ರ ಒಂದು ದೊಡ್ಡ ಸಂಖ್ಯಾಸಾಲನ್ನೇ ತೆರೆಯಬೇಕಾಯಿತು. ಹೊರೆ ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ಹೋಯಿತು.

ಕಾವಲುಗಾರನಿಗೆ ನೆನಪಿನ ಶಕ್ತಿ ಬಂದ ಮೇಲೆ ಚಿತ್ರ ಬದಲಾಯಿತು. ಇಸ್ರೇಲಿನ ಚೆಕ್ ಪಾಯಿಂಟ್ ಕಂಪನಿ 1994ರಲ್ಲಿ ತಂದ ಫೈರ್‌ವಾಲ್-1, ಯಾರು ಯಾರೊಡನೆ ಸಂಪರ್ಕ ಆರಂಭಿಸಿದ್ದಾರೆ ಎಂಬುದನ್ನು ಒಂದು ಕೋಷ್ಟಕದಲ್ಲಿ ಬರೆದಿಟ್ಟುಕೊಳ್ಳುತ್ತಿತ್ತು. 2001ರ ಜನವರಿಯಲ್ಲಿ ಲಿನಕ್ಸ್ 2.4ರ ಜೊತೆ ಬಂದ ಐಪಿಟೇಬಲ್ಸ್ ಎಂಬ ಫೈರ್‌ವಾಲ್ ಆ ಶಕ್ತಿಯನ್ನು ಉಚಿತವಾಗಿ ಎಲ್ಲರ ಕೈಗೆ ಕೊಟ್ಟಿತು. ಅದರ ಎಫ್‌ಟಿಪಿ ಸಹಾಯಕ ಮಾಡ್ಯೂಲ್ ಮಾತುಕತೆಯನ್ನು ಕೇಳಿಸಿಕೊಂಡು, 19 ಮತ್ತು 137ರ ಲೆಕ್ಕ ತಾನೇ ಮಾಡಿ, ಆ ಒಂದು ಸಂಪರ್ಕಕ್ಕೆ ಮಾತ್ರ ದಾರಿ ಬಿಡುತ್ತದೆ. ಅದನ್ನು ನೋಡಿದಾಗ ಈಗಲೂ ನನಗೆ ಸಂತೋಷವಾಗುತ್ತದೆ. ಆದರೆ ಎಫ್‌ಟಿಪಿಯ ಮಾತುಕತೆಯನ್ನು ಗೂಢಲಿಪಿಯಲ್ಲಿ ನಡೆಸಿದರೆ ಆ ಸಹಾಯಕನಿಗೆ ಏನೂ ಕೇಳಿಸುವುದಿಲ್ಲ. ಮತ್ತೆ ಸಂಖ್ಯಾಸಾಲು ತೆರೆಯುವ ಹಳೆಯ ಕಷ್ಟವೇ ಎದುರಾಗುತ್ತದೆ. ಎಸ್‌ಎಸ್‌ಎಚ್ ಮೇಲೆ, 22ರ ಒಂದೇ ಸಂಪರ್ಕದಲ್ಲಿ ನಡೆಯುವ ಎಸ್‌ಎಫ್‌ಟಿಪಿಯನ್ನು ಜನ ನೆಚ್ಚಿಕೊಳ್ಳಲು ಇದೂ ಒಂದು ಕಾರಣ.

ಮುಂದೆ ಉಪಕರಣಗಳು ಸುಲಭವಾದವು. 2008ರ ಉಬುಂಟುವಿನಲ್ಲಿ ಯುಎಫ್‌ಡಬ್ಲ್ಯೂ ಬಂತು, ಆಮೇಲೆ ಫೆಡೋರಾ ಮತ್ತು ರೆಡ್ ಹ್ಯಾಟ್ ಕಡೆ ಫೈರ್‌ವಾಲ್‌ಡಿ ಬಂತು. ಈಗ ಸಂಖ್ಯೆಯ ಬದಲು ಎಸ್‌ಎಸ್‌ಎಚ್‌ಗೆ ಅನುಮತಿ ಕೊಡು ಎಂದು ಹೆಸರಿನಲ್ಲೇ ಹೇಳಬಹುದು. ಓದಲು ಹಿತವಾಗಿದೆ, ನಿಜ. ಒಳಗೆ ಮಾತ್ರ ಆ ಹೆಸರು ಮತ್ತೆ 22 ಆಗಿಯೇ ಇಳಿಯುತ್ತದೆ. ಹೊಸಬರಿಗೆ ನಾನು ಮರೆಯದೆ ಹೇಳುವ ಎಚ್ಚರಿಕೆಯೂ ಇಲ್ಲಿಯದೇ. ದೂರದ ಸರ್ವರಿಗೆ ಎಸ್‌ಎಸ್‌ಎಚ್ ಮೂಲಕ ಹೋಗಿ, 22ಕ್ಕೆ ಅನುಮತಿ ಬರೆಯುವ ಮೊದಲೇ ಫೈರ್‌ವಾಲ್ ಚಾಲೂ ಮಾಡಬೇಡಿ. ಒಳಬರುವುದೆಲ್ಲವನ್ನೂ ತಡೆಯುವುದು ಯುಎಫ್‌ಡಬ್ಲ್ಯೂನಂತಹ ಫೈರ್‌ವಾಲ್‌ನ ಮೂಲ ನಿಲುವು, ಹಾಗಾಗಿ ನೀವೇ ಹೊರಗುಳಿಯುತ್ತೀರಿ. ನಿಗದಿತ ಸಮಯದೊಳಗೆ ನೀವು ಖಚಿತಪಡಿಸದಿದ್ದರೆ ಹಳೆಯ ನಿಯಮಗಳನ್ನೇ ಮರಳಿ ತರುವ ಐಪಿಟೇಬಲ್ಸ್-ಅಪ್ಲೈನಂತಹ ಉಪಕರಣ ಹುಟ್ಟಿದ್ದು ಇಂತಹ ಅನುಭವಗಳಿಂದಲೇ.

ಸಾಮಾನ್ಯ ಬಳಕೆದಾರರ ಮನೆಗೆ ಫೈರ್‌ವಾಲ್ ಬಂದದ್ದು 2003ರ ಪೆಟ್ಟಿನ ನಂತರ. ಆ ವರ್ಷದ ಜನವರಿ 25ರಂದು ಸ್ಲ್ಯಾಮರ್ ಹುಳು ಯುಡಿಪಿ 1434ರ ಮೂಲಕ ನುಗ್ಗಿತು. ಅದರ ಗಾತ್ರ ಬರೀ 376 ಬೈಟ್. ಆರಂಭದಲ್ಲಿ ಸುಮಾರು 8.5 ಸೆಕೆಂಡಿಗೊಮ್ಮೆ ದುಪ್ಪಟ್ಟಾಗುತ್ತಾ ಕನಿಷ್ಠ 75,000 ಯಂತ್ರಗಳಿಗೆ ಹರಡಿತು. ಅದೇ ಆಗಸ್ಟ್‌ನಲ್ಲಿ ಬ್ಲಾಸ್ಟರ್ 135ರ ಮೂಲಕ ಬಂತು. ಇಂಟರ್‌ನೆಟ್ಟಿನಿಂದ ಯಾರೂ ಬರಬೇಕಾದ ಅಗತ್ಯವೇ ಇಲ್ಲದ ಕೌಂಟರುಗಳಿವು. 2004ರ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್, ವಿಂಡೋಸ್ ಎಕ್ಸ್‌ಪಿಯ ಎರಡನೆಯ ಸರ್ವಿಸ್ ಪ್ಯಾಕ್‌ನಲ್ಲಿ ಫೈರ್‌ವಾಲನ್ನು ತಾನಾಗಿಯೇ ಚಾಲೂ ಇರುವಂತೆ ಮಾಡಿತು. ಇಷ್ಟೆಲ್ಲ ಆದ ಮೇಲೂ, 2017ರ ಮೇ ತಿಂಗಳಲ್ಲಿ ವನ್ನಾಕ್ರೈ 445ರ ಮೂಲಕ ಆಸ್ಪತ್ರೆಗಳನ್ನೂ ಕಾರ್ಖಾನೆಗಳನ್ನೂ ನಿಲ್ಲಿಸಿತು. ದೋಷ ಸರಿಪಡಿಸುವ ಪ್ಯಾಚ್ ಎರಡು ತಿಂಗಳ ಮೊದಲೇ ಬಂದಿತ್ತು.

ಅತಿಯಾಗಿ ಮುಚ್ಚಿದರೂ ತೊಂದರೆಯೇ. ಡಿಎನ್‌ಎಸ್‌ಗೆ ಯುಡಿಪಿ 53 ತೆರೆದು ಟಿಸಿಪಿ 53 ಮುಚ್ಚುವ ಅಭ್ಯಾಸ ಬಹಳ ಹಳೆಯದು. ಉತ್ತರ ದೊಡ್ಡದಾದಾಗ ಡಿಎನ್‌ಎಸ್ ಟಿಸಿಪಿಗೆ ಹೊರಳುತ್ತದೆ. ಆಗ ಕೆಲವು ಹೆಸರುಗಳಷ್ಟೇ ಸಿಗದೆ ಹೋಗುತ್ತವೆ, ಕಾರಣ ಹುಡುಕುವವರು ದಿನಗಟ್ಟಲೆ ಪರದಾಡುತ್ತಾರೆ. ಯಂತ್ರ ಜಾಲದಲ್ಲಿದೆಯೇ ಎಂದು ಕೇಳುವ ಪಿಂಗ್ ತಡೆಯಲೆಂದು, ಜಾಲದ ಸೂಚನೆಗಳನ್ನು ಒಯ್ಯುವ ಐಸಿಎಂಪಿಯನ್ನೆಲ್ಲ ಮುಚ್ಚಿದರೆ, ಪ್ಯಾಕೆಟ್ ದೊಡ್ಡದಾಯಿತು ಎಂಬ ಸೂಚನೆಯೂ ಬಾರದೆ, ಪುಟ ಅರ್ಧಕ್ಕೇ ನಿಂತುಬಿಡುತ್ತದೆ.

ಇಪ್ಪತ್ತು ಮೂವತ್ತು ವರ್ಷಗಳ ಈ ಬಿಗಿತಕ್ಕೆ ತಂತ್ರಾಂಶ ಬರೆಯುವವರು ಕಂಡುಕೊಂಡ ದಾರಿ ಒಂದೇ: ಎಲ್ಲ ಕಡೆ ತೆರೆದಿರುವ ಬಾಗಿಲಿನಲ್ಲೇ ಹೋಗುವುದು. ಮೊದಲು 80, ಆಮೇಲೆ ಗೂಢಲಿಪಿಯ ವೆಬ್ ಆದ ಎಚ್‌ಟಿಟಿಪಿಎಸ್‌ನ 443. ಚಾಟ್, ವಿಡಿಯೋ ಕರೆ, ಫೈಲ್ ಹಂಚಿಕೆ, ಬ್ಯಾಂಕಿನ ಆ್ಯಪ್ ಎಲ್ಲವೂ ಇಂದು ಹೆಚ್ಚಾಗಿ ಅದರಲ್ಲೇ ಸಾಗುತ್ತವೆ. 2018ರಿಂದ ಡಿಎನ್‌ಎಸ್ ಕೂಡ ಎಚ್‌ಟಿಟಿಪಿಎಸ್ ಒಳಗೆ ಅಡಗಿ 443ರಲ್ಲಿ ಹೋಗಬಹುದು. 2021ರಲ್ಲಿ ಪ್ರಮಾಣಿತವಾದ ಕ್ವಿಕ್ ಎಂಬ ಹೊಸ ಸಾಗಣೆ ವಿಧಾನ ಬಂದ ಮೇಲೆ ವೆಬ್ ಸಂಚಾರ ಟಿಸಿಪಿಯ ಜೊತೆಗೆ ಯುಡಿಪಿ 443ರಲ್ಲೂ ನಡೆಯುತ್ತದೆ. ಹಳೆಯ ಪಟ್ಟಿಯಲ್ಲಿ ಟಿಸಿಪಿ ಸಾಲು ಮಾತ್ರ ಇದ್ದರೆ ಬ್ರೌಸರ್ ತಾನಾಗಿ ಟಿಸಿಪಿಗೆ ಮರಳುತ್ತದೆ, ಬಳಸುವವರ ಗಮನಕ್ಕೂ ಬರುವುದಿಲ್ಲ. 443ಕ್ಕೆ ಅನುಮತಿ ಎಂದು ಬರೆದವರು ತಾವು ಯಾವ ಸೇವೆಯನ್ನು ಬಿಟ್ಟೆವೆಂದು ಈಗ ಹೇಳಲಾರರು.

ಹಾಗಾದರೆ ನಿಯಮ ಬರೆಯುವವರಿಗೆ ಉಳಿದಿರುವುದೇನು? ಸಂಖ್ಯೆ ಹೇಳದ್ದನ್ನು ಮನುಷ್ಯರೇ ಬರೆದಿಡಬೇಕು. ಎಲ್ಲಿಂದ ಬರುವವರಿಗೆ, ಯಾವ ಯಂತ್ರಕ್ಕೆ, ಯಾರು ಕೇಳಿದ್ದಕ್ಕೆ, ಎಲ್ಲಿಯವರೆಗೆ ಎಂಬ ಮಾಹಿತಿ ಪ್ರತಿ ಸಾಲಿನ ಪಕ್ಕದಲ್ಲಿರಬೇಕು. ಅವಿಶಾಯ್ ವೂಲ್ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 37 ಫೈರ್‌ವಾಲ್‌ಗಳ ನಿಯಮಗಳನ್ನು ನೋಡಿ, ಪಟ್ಟಿ ಜಟಿಲವಾದಷ್ಟೂ ತಪ್ಪುಗಳು ಹೆಚ್ಚೆಂದು ತೋರಿಸಿದ್ದರು. ಕಾರ್ಡ್ ಪಾವತಿಯ ಜಾಲಗಳಿಗೆ ಅನ್ವಯಿಸುವ ಪಿಸಿಐ ಮಾನದಂಡ, ಆರು ತಿಂಗಳಿಗೊಮ್ಮೆಯಾದರೂ ನಿಯಮಗಳನ್ನು ಮರುಪರಿಶೀಲಿಸಲೇಬೇಕೆಂದು ಹೇಳುತ್ತದೆ. ಕಾರ್ಡ್ ಮುಟ್ಟದ ಕಚೇರಿಗಳಿಗೂ ಇದು ಒಳ್ಳೆಯ ಅಳತೆ ಎಂದೇ ನನ್ನ ಅಭಿಪ್ರಾಯ.

ಆ 31ನೇ ಸಾಲನ್ನು ನಾವು ಕೂಡಲೇ ಅಳಿಸಲಿಲ್ಲ. ಮೊದಲು ಆ ಯಂತ್ರವನ್ನು ಅಪ್‌ಡೇಟ್ ಮಾಡಿ, ಪಾಸ್‌ವರ್ಡ್‌ಗಳನ್ನೆಲ್ಲ ಬದಲಿಸಿ, ಆ ಸಾಲಿಗೆ ಲಾಗ್ ಹಾಕಿ ಕಾದೆವು. ಮೊದಲ ದಿನವೇ ನೂರಾರು ಅಪರಿಚಿತ ವಿಳಾಸಗಳು ಬಾಗಿಲು ತಟ್ಟಿದ್ದು ಕಂಡಿತು. ತಿಂಗಳ ಕೊನೆಯ ಎರಡು ಸಂಜೆಗಳಲ್ಲಿ ಮಾತ್ರ, ಅವುಗಳ ನಡುವೆ ಮೈಸೂರಿನ ಒಂದು ವಿಳಾಸದಿಂದ ಯಾರೋ ಸರಿಯಾದ ಹೆಸರಿನಲ್ಲಿ ಲಾಗಿನ್ ಆಗಿದ್ದರು. ವಿಚಾರಿಸಿದಾಗ ನಿವೃತ್ತರಾದ ಹಳೆಯ ಲೆಕ್ಕಿಗರೆಂದು ತಿಳಿಯಿತು. ಜಿಎಸ್‌ಟಿ ಲೆಕ್ಕ ನೋಡಿಕೊಡುವ ಕೆಲಸವನ್ನು ಅವರು ಮನೆಯಿಂದಲೇ ಮುಂದುವರಿಸಿದ್ದರು. ಅವರಿಗೆ ವಿಪಿಎನ್, ಅಂದರೆ ಕಚೇರಿಯ ಜಾಲಕ್ಕೆ ಸುರಕ್ಷಿತ ಖಾಸಗಿ ದಾರಿ, ಮಾಡಿಕೊಟ್ಟು, ಫೋನಿನಲ್ಲಿ ಎರಡು ಬಾರಿ ಜೊತೆಗೆ ಕುಳಿತು ಅಭ್ಯಾಸ ಮಾಡಿಸಿದೆವು. ಸಾಲು ಅಳಿಸಿದ ದಿನ, ವಿಪಿಎನ್ ನಿಯಮದ ಪಕ್ಕದಲ್ಲಿ ಅವರ ಕೆಲಸದ ಹೆಸರನ್ನೂ ಮುಂದಿನ ಪರಿಶೀಲನೆಯ ದಿನಾಂಕವನ್ನೂ ಬರೆದೆವು.