ಹೊಡೆದದ್ದು ಕೆಳಗೆ ಬೀಳುವುದಿಲ್ಲ

ಮೊನ್ನೆ ಸಂಜೆ ಮಂಡ್ಯದ ನಮ್ಮ ತಾರಸಿಯಲ್ಲಿ ನಿಂತು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಹಾದುಹೋಗುವುದನ್ನು ನೋಡುತ್ತಿದ್ದೆವು. ಮಿನುಗದೆ, ಸದ್ದಿಲ್ಲದೆ ಸರಿಯುವ ಬಿಳಿ ಚುಕ್ಕೆ. ಪಕ್ಕದ ಮನೆಯ ಹುಡುಗ ಕೇಳಿದ: "ಅಂಕಲ್, ಯುದ್ಧದಲ್ಲಿ ಉಪಗ್ರಹಕ್ಕೆ ಹೊಡೆದರೆ ಅದು ಎಲ್ಲಿ ಬೀಳುತ್ತದೆ?" ಅವನ ತಂದೆ, "ಸಮುದ್ರಕ್ಕೆ" ಎಂದುಬಿಟ್ಟರು. ಬಹಳ ಜನರ ನಂಬಿಕೆಯೂ ಅದೇ. ಅದು ತಪ್ಪು.

ಅಷ್ಟೆತ್ತರದಲ್ಲಿ ಭೂಮಿಯನ್ನು ಸುತ್ತುವ ಉಪಗ್ರಹದ ವೇಗ ಸೆಕೆಂಡಿಗೆ ಏಳೂವರೆ ಕಿಲೋಮೀಟರಿಗೂ ಹೆಚ್ಚು. ಮಂಡ್ಯದಿಂದ ಮೈಸೂರಿಗೆ ಆರೇ ಸೆಕೆಂಡು! ಉಪಗ್ರಹ ಒಡೆದರೂ ಚೂರುಗಳ ಓಟ ನಿಲ್ಲುವುದಿಲ್ಲ. ಅವುಗಳ ವೇಗ ಕಸಿದು ಕೆಳಗಿಳಿಸುವುದು ಗಾಳಿ ಮಾತ್ರ. ಆಲೆಮನೆಯ ಕೊಪ್ಪರಿಗೆ ನೋಡಿ: ಕಬ್ಬಿನ ಹಾಲು ತೆಳ್ಳಗಿರುವಾಗ ಸಲೀಸಾಗಿ ತಿರುವಬಹುದು, ಪಾಕ ಗಟ್ಟಿಯಾದಂತೆ ಕೈ ಸೋಲುತ್ತದೆ. ಗಾಳಿಯೂ ಹಾಗೆಯೇ. ಮೇಲೇರಿದಷ್ಟೂ ಗಾಳಿ ತೆಳು, ಚೂರುಗಳಿಗೆ ಆಯುಷ್ಯ ಹೆಚ್ಚು.

2019ರ ಮಾರ್ಚ್ 27ರಂದು ಭಾರತ 'ಮಿಷನ್ ಶಕ್ತಿ' ಎಂಬ ಕ್ಷಿಪಣಿ ಪರೀಕ್ಷೆಯಲ್ಲಿ ತನ್ನದೇ ಉಪಗ್ರಹವನ್ನು ಹೊಡೆದದ್ದು ಸುಮಾರು 280 ಕಿ.ಮೀ. ಎತ್ತರದಲ್ಲಿ. ಕೆಲವು ಚೂರುಗಳು ಮೇಲಕ್ಕೆ ಚಿಮ್ಮಿದವು. ಹೆಚ್ಚಿನವು ಬೇಗ ಉರಿದುಹೋದವು. 2007ರಲ್ಲಿ ಚೀನಾ ತನ್ನ ಉಪಗ್ರಹವನ್ನು ಹೊಡೆದದ್ದು 860 ಕಿ.ಮೀ. ಆಸುಪಾಸಿನಲ್ಲಿ. ಗುರುತಿಸಬಲ್ಲ ಚೂರುಗಳೇ ಮೂರು ಸಾವಿರಕ್ಕೂ ಹೆಚ್ಚು. ಬಹುಪಾಲು ಇನ್ನೂ ಸುತ್ತುತ್ತಿವೆ.

ಪಕ್ಕದ ಶ್ರೀರಂಗಪಟ್ಟಣ ಇಲ್ಲಿ ನೆನಪಾಗದೆ ಇರುವುದಿಲ್ಲ. ಹೈದರ್ ಮತ್ತು ಟಿಪ್ಪು ಕಾಲದ ರಾಕೆಟ್ಟುಗಳಿಗೆ ಕಬ್ಬಿಣದ ಕೊಳವೆಯಿತ್ತು. ಅದು ಹೆಚ್ಚಿನ ಒತ್ತಡ ತಡೆದುಕೊಂಡಿದ್ದರಿಂದಲೇ ಅವು ಅಷ್ಟು ದೂರ ಹಾರಿದವು. 1780ರಲ್ಲಿ ಕಾಂಚೀಪುರದ ಬಳಿಯ ಪೊಳ್ಳಿಲೂರಿನಲ್ಲಿ ಬ್ರಿಟಿಷರು ಅವುಗಳ ಏಟು ತಿಂದರು. 1799ರ ನಂತರ ವಶಪಡಿಸಿಕೊಂಡು ಲಂಡನ್ನಿಗೆ ಒಯ್ದ ರಾಕೆಟ್ಟುಗಳೇ ಬ್ರಿಟಿಷರ ಕಾಂಗ್ರೀವ್ ಯುದ್ಧ ರಾಕೆಟ್ಟಿಗೆ ಪ್ರೇರಣೆಯಾದವು. ಆದರೆ ಗುರಿ ತಪ್ಪಿದ ರಾಕೆಟ್ಟು ಯಾವುದೋ ಹೊಲದಲ್ಲಿ ಬಿದ್ದು ಆರಿಹೋಗುತ್ತಿತ್ತು. ಮೇಲೆ ಹಾಗಲ್ಲ.

2021ರ ನವೆಂಬರ್‌ನಲ್ಲಿ ರಷ್ಯಾ ತನ್ನ ಹಳೆಯ ಉಪಗ್ರಹವೊಂದನ್ನು ಒಡೆಯಿತು. ಚೂರುಗಳು ಬಡಿದಾವೆಂದು ಬಾಹ್ಯಾಕಾಶ ನಿಲ್ದಾಣದಲ್ಲಿದ್ದ ಏಳು ಮಂದಿ ತಮ್ಮ ನೌಕೆಗಳೊಳಗೆ ಸೇರಿ ಬಾಗಿಲು ಮುಚ್ಚಿಕೊಂಡರು. ಅವರಲ್ಲಿ ಇಬ್ಬರು ರಷ್ಯನ್ನರೇ!

ಚಂದ್ರನ ಬಳಿಗೆ ಹೋಗಲು ದೇಶಗಳು ಈಗ ಎರಡು ಬಣವಾಗುತ್ತಿವೆ. ಅಮೆರಿಕದ ಆರ್ಟೆಮಿಸ್ ಒಪ್ಪಂದಕ್ಕೆ 2023ರಲ್ಲಿ ನಾವೂ ಸಹಿ ಹಾಕಿದೆವು. ಚೀನಾ, ರಷ್ಯಾಗಳದ್ದು ಬೇರೆ ಯೋಜನೆ. ಚೂರುಗಳಿಗೆ ಬಣ ತಿಳಿಯದು. ಕ್ಷಿಪಣಿಯಿಂದ ಉಪಗ್ರಹ ಒಡೆಯುವ ಇಂಥ ಪರೀಕ್ಷೆ ನಡೆಸಬಾರದೆಂಬ ನಿರ್ಣಯ 2022ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮುಂದೆ ಬಂದಾಗ 155 ದೇಶಗಳು ಒಪ್ಪಿದವು. ಭಾರತ ತಟಸ್ಥವಾಗಿ ಉಳಿಯಿತು. ನಾವು ಒಪ್ಪಬೇಕಿತ್ತು ಎಂದೇ ನನ್ನ ಅಭಿಪ್ರಾಯ.

ಹುಡುಗನಿಗೆ ಇಷ್ಟೆಲ್ಲ ಹೇಳಿ ಮುಗಿಸುವ ಹೊತ್ತಿಗೆ ಚುಕ್ಕೆ ಭೂಮಿಯ ನೆರಳು ಹೊಕ್ಕು ಮರೆಯಾಗಿತ್ತು. "ಮತ್ತೆ ಯಾವಾಗ ಬರುತ್ತದೆ?" ಎಂದ. ತೊಂಬತ್ತು ನಿಮಿಷಕ್ಕೊಂದು ಸುತ್ತು ಎಂದೆ.